ಇಂಗ್ಲೆಂಡಿನ ಬಾಡಿಗೆ ಮನೆ: ನೀವು ಕೊಟ್ಟ ಡೆಪಾಸಿಟ್ ಈಗ ಯಾರ ಕೈಯಲ್ಲಿದೆ?

ಇಂಗ್ಲೆಂಡಿಗೆ ಓದಲಿಕ್ಕೋ ಕೆಲಸಕ್ಕೋ ಬಂದ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೆರಡು ಸಲ ಡೆಪಾಸಿಟ್ ಮಾತು ಬಂದೇ ಬರುತ್ತದೆ. ಸೆಪ್ಟೆಂಬರಿನಲ್ಲಿ ಹೊಸಬರು ಕೇಳುತ್ತಾರೆ, "ಸಾವಿರದ ಚಿಲ್ಲರೆ ಪೌಂಡ್ ಕೇಳ್ತಿದಾರೆ, ಕೊಟ್ರೆ ವಾಪಸ್ ಬರುತ್ತಾ?" ಮುಂದಿನ ಬೇಸಿಗೆಯಲ್ಲಿ ಅವರೇ ಮತ್ತೆ ಬರುತ್ತಾರೆ, "ಗೋಡೆ ಕೊಳೆಯಾಗಿದೆ ಅಂತ ಅರ್ಧ ಮುರ್ಕೊಂಡಿದಾರೆ, ಕೇಳೋರು ಯಾರೂ ಇಲ್ವಾ?"

ಇದ್ದಾರೆ. ಇದಕ್ಕೆಂದೇ ಅಲ್ಲಿ ಒಂದು ಕಾನೂನಿದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಅದು ಹೇಗಿದೆ ಅಂತ ಗೊತ್ತಿದ್ದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಾಲದ್ದಕ್ಕೆ ಈಗ ಬಾಡಿಗೆ ಕಾನೂನೇ ಮಗ್ಗುಲು ಬದಲಿಸಿದೆ. 2025ರ ಅಕ್ಟೋಬರಿನಲ್ಲಿ ರೆಂಟರ್ಸ್ ರೈಟ್ಸ್ ಆಕ್ಟ್ ಎಂಬ ಹೊಸ ಕಾಯ್ದೆ ಬಂತು, ಅದರ ಮುಖ್ಯ ಭಾಗಕ್ಕೆ ನಿಗದಿಯಾದ ದಿನ 2026ರ ಮೇ 1. ಆ ಹೊಸ ಕಾಯ್ದೆಯ ವಿಷಯಕ್ಕೆ ಕೊನೆಗೆ ಬರೋಣ. ಮೊದಲು ಬುಡದಿಂದ ಶುರು ಮಾಡೋಣ.

ಅದು ಯಾರ ದುಡ್ಡು?

ಮನೆ ಸೇರುವಾಗ ನಿಮ್ಮ ಜೇಬಿನಿಂದ ಮೂರು ಬಗೆಯ ಹಣ ಹೋಗಬಹುದು. ಮೂರೂ ಒಂದೇ ವಾರದಲ್ಲಿ ಹೋಗುವುದರಿಂದ ಎಲ್ಲವನ್ನೂ ಸೇರಿಸಿ "ಡೆಪಾಸಿಟ್" ಅಂದುಬಿಡುತ್ತೇವೆ. ಅಲ್ಲೇ ಗೊಂದಲ ಶುರುವಾಗುವುದು.

ಮೊದಲನೆಯದು ಹೋಲ್ಡಿಂಗ್ ಡೆಪಾಸಿಟ್. "ಈ ಮನೆ ನನಗೇ ಇರಲಿ, ಬೇರೆಯವರಿಗೆ ತೋರಿಸಬೇಡಿ" ಅಂತ ಕೊಡುವ ಸಣ್ಣ ಮೊತ್ತ. ಇದು ಒಂದು ವಾರದ ಬಾಡಿಗೆಗಿಂತ ಜಾಸ್ತಿ ಇರುವಂತಿಲ್ಲ. ಎರಡನೆಯದು ಮುಂಗಡ ಬಾಡಿಗೆ, ಅಂದರೆ ಮೊದಲ ತಿಂಗಳ ಬಾಡಿಗೆ. ಅದು ಓನರ್‌ಗೆ ಸೇರಿದ್ದು, ವಾಪಸಿನ ಪ್ರಶ್ನೆ ಇಲ್ಲ. ಮೂರನೆಯದೇ ನಾವು ಮಾತಾಡುತ್ತಿರುವ ಡೆಪಾಸಿಟ್: ಬಾಡಿಗೆ ಬಾಕಿ ಉಳಿದರೆ, ಮನೆಗೆ ಹಾನಿಯಾದರೆ ಇರಲಿ ಅಂತ ಭದ್ರತೆಗೆ ಇಡುವ ಹಣ.

ಈ ಮೂರನೆಯದು ಕಡೆಯವರೆಗೂ ನಿಮ್ಮದೇ ದುಡ್ಡು. ಓನರ್ ಅದನ್ನು ಕಾಯುತ್ತಿರುತ್ತಾರೆ ಅಷ್ಟೇ. ಅದರಲ್ಲಿ ಒಂದು ಪೌಂಡ್ ತೆಗೆದುಕೊಳ್ಳಬೇಕಾದರೂ ಯಾಕೆ ಅಂತ ಅವರು ತೋರಿಸಬೇಕು. ನೀವು "ನಾನು ಹಾಳು ಮಾಡಿಲ್ಲ" ಅಂತ ಸಾಬೀತು ಮಾಡಬೇಕಿಲ್ಲ, ಅವರು "ಇವರೇ ಹಾಳು ಮಾಡಿದ್ದು" ಅಂತ ಸಾಬೀತು ಮಾಡಬೇಕು. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲು ಹೀಗಿರಲಿಲ್ಲ. ಹಣ ಓನರ್ ಖಾತೆಯಲ್ಲೇ ಕೂತಿರುತ್ತಿತ್ತು. ಮನೆ ಬಿಟ್ಟಾಗ ಅವರು ಕೊಟ್ಟಷ್ಟು ಇಸ್ಕೊಂಡು ಹೋಗುವುದು, ಇಲ್ಲವೇ ಕೌಂಟಿ ಕೋರ್ಟ್‌ಗೆ ಹೋಗುವುದು. ಮುನ್ನೂರು ಪೌಂಡಿಗೆ ಕೋರ್ಟು ಯಾರು ಹತ್ತುತ್ತಾರೆ? ಬಹಳ ಜನ ಬೈದುಕೊಂಡು ಸುಮ್ಮನಾಗುತ್ತಿದ್ದರು. ಇದಕ್ಕೇ 2004ರ ಹೌಸಿಂಗ್ ಆಕ್ಟ್‌ನಲ್ಲಿ ಡೆಪಾಸಿಟ್ ರಕ್ಷಣೆಯ ಭಾಗ ಸೇರಿಸಿದರು. ಅದು 2007ರ ಏಪ್ರಿಲ್ 6ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಾಯಿತು.

ಪಂದ್ಯದ ದುಡ್ಡು ಮೂರನೆಯವನ ಹತ್ತಿರ

ಇಬ್ಬರು ಪಂದ್ಯ ಕಟ್ಟಿದರೆ ದುಡ್ಡನ್ನು ಯಾರ ಕೈಯಲ್ಲಿಡುತ್ತಾರೆ? ಇಬ್ಬರಿಗೂ ನಂಬಿಕೆಯಿರುವ ಮೂರನೆಯವನ ಕೈಯಲ್ಲಿ. ಆಡುವವನ ಜೇಬಿನಲ್ಲೇ ಬಿಟ್ಟರೆ ಸೋತಾಗ ಅವನು ತೆಗೆಯುವುದಿಲ್ಲ, ಅಲ್ವಾ? ಡೆಪಾಸಿಟ್ ಕಾನೂನಿನ ಉಪಾಯವೂ ಇದೇ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ ಒಪ್ಪಿದ ಮೂರು ಸಂಸ್ಥೆಗಳಿವೆ: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್ ಮತ್ತು ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಮಾತಿನಲ್ಲಿ ಇವನ್ನೆಲ್ಲ "ಸ್ಕೀಮ್" ಅನ್ನುತ್ತಾರೆ. ಯಾವ ಸ್ಕೀಮ್ ಅಂತ ಆರಿಸುವುದು ಓನರ್. ಆದರೆ ಯಾವುದಾದರೊಂದಕ್ಕೆ ಸೇರಿಸಲೇಬೇಕು.

ಸೇರಿಸುವುದಕ್ಕೆ ಎರಡು ದಾರಿ. ಒಂದರ ಹೆಸರು ಕಸ್ಟೋಡಿಯಲ್. ಇದರಲ್ಲಿ ಓನರ್ ನಿಮ್ಮ ಡೆಪಾಸಿಟ್ ಪೂರ್ತಿ ತೆಗೆದುಕೊಂಡು ಹೋಗಿ ಸ್ಕೀಮಿನಲ್ಲಿ ಇಡುತ್ತಾರೆ, ಮನೆ ಬಿಡುವವರೆಗೂ ಅದು ಅಲ್ಲೇ ಇರುತ್ತದೆ. ಇದಕ್ಕೆ ಅವರು ಶುಲ್ಕ ಕಟ್ಟಬೇಕಿಲ್ಲ. ಪಂದ್ಯದ ದುಡ್ಡು ಮೂರನೆಯವನ ಹತ್ತಿರ ಅಂದೆನಲ್ಲ, ಥೇಟ್ ಅದೇ.

ಇನ್ನೊಂದು ಇನ್ಶೂರ್ಡ್. ಇದರಲ್ಲಿ ದುಡ್ಡು ಓನರ್ ಅಥವಾ ಏಜೆಂಟ್ ಖಾತೆಯಲ್ಲೇ ಇರುತ್ತದೆ, ಅವರು ಸ್ಕೀಮಿಗೆ ಒಂದಿಷ್ಟು ಶುಲ್ಕ ಕಟ್ಟಿರುತ್ತಾರೆ. ಹಾಗಾದರೆ ರಕ್ಷಣೆ ಎಲ್ಲಿ ಬಂತು ಅಂತ ನಿಮಗೆ ಅನ್ನಿಸಬಹುದು. ಇಲ್ಲಿ ಸ್ಕೀಮು ಜಾಮೀನು ನಿಂತಿರುತ್ತದೆ. ಜಗಳ ಬಂದರೆ ಜಗಳದಲ್ಲಿರುವಷ್ಟು ಮೊತ್ತವನ್ನು ಓನರ್ ಸ್ಕೀಮಿಗೆ ಒಪ್ಪಿಸಬೇಕು. ಒಪ್ಪಿಸದೆ ಕೈಯೆತ್ತಿದರೆ ನಿಮಗೆ ಬರಬೇಕಾದ್ದನ್ನು ಸ್ಕೀಮೇ ಕೊಟ್ಟು, ಆಮೇಲೆ ಓನರ್ ಹಿಂದೆ ಬಿದ್ದು ವಸೂಲಿ ಮಾಡಿಕೊಳ್ಳುತ್ತದೆ.

ಬಾಡಿಗೆದಾರರಿಗೆ ಎರಡರಲ್ಲೂ ರಕ್ಷಣೆ ಒಂದೇ. ಕಸ್ಟೋಡಿಯಲ್ ಆದರೆ ನಿದ್ದೆ ಸ್ವಲ್ಪ ಚೆನ್ನಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಎಷ್ಟು ಕೇಳಬಹುದು?

ಇದಕ್ಕೂ ಕಾನೂನಿದೆ, 2019ರ ಟೆನೆಂಟ್ ಫೀಸ್ ಆಕ್ಟ್. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಜಾರಿಯಲ್ಲಿದೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಡೆಪಾಸಿಟ್ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಅದಕ್ಕೂ ಜಾಸ್ತಿ ಬಾಡಿಗೆಯ ಮನೆಗೆ ಆರು ವಾರ.

ಬಾಡಿಗೆ ತಿಂಗಳ ಲೆಕ್ಕದಲ್ಲಿ, ಡೆಪಾಸಿಟ್ ವಾರದ ಲೆಕ್ಕದಲ್ಲಿ. ಇಲ್ಲಿ ಬಹಳ ಜನ ಎಡವುತ್ತಾರೆ. ತಿಂಗಳ ಬಾಡಿಗೆಯನ್ನು ನಾಲ್ಕರಿಂದ ಭಾಗಿಸಬಾರದು. ಹನ್ನೆರಡರಿಂದ ಗುಣಿಸಿ 52ರಿಂದ ಭಾಗಿಸಬೇಕು. ತಿಂಗಳಿಗೆ 1,040 ಪೌಂಡ್ ಅಂದುಕೊಳ್ಳಿ. ವರ್ಷಕ್ಕೆ 12,480. ವಾರಕ್ಕೆ 240. ಐದು ವಾರಕ್ಕೆ 1,200. ಯಾರಾದರೂ ನಾಲ್ಕರಿಂದ ಭಾಗಿಸಿ 1,300 ಕೇಳಿದರೆ ಅದು ನೂರು ಪೌಂಡ್ ಜಾಸ್ತಿ, ಕೊಡಬೇಕಿಲ್ಲ.

ಇನ್ನೊಂದು ವಿಷಯ. ಡೆಪಾಸಿಟ್ ಅಂತ ಹಣ ಬಿಟ್ಟು ಬೇರೆ ಏನನ್ನೂ ಇಟ್ಟುಕೊಳ್ಳುವಂತಿಲ್ಲ. "ಪಾಸ್‌ಪೋರ್ಟ್ ನನ್ನ ಹತ್ತಿರ ಇರಲಿ" ಅನ್ನುವವರಿಗೆ ಕೊಡಬೇಡಿ.

"ಡೆಪಾಸಿಟ್ ಬೇಡ, ಬದಲಿಗೆ ಸಣ್ಣ ಫೀಸು ಕಟ್ಟಿ" ಎಂಬ ಆಫರ್ ಕೂಡ ಈಗ ಜಾಸ್ತಿ ಆಗಿದೆ. ಕೈಯಲ್ಲಿ ಕಾಸಿಲ್ಲದಾಗ ಅದು ಆಸೆ ಹುಟ್ಟಿಸುತ್ತದೆ. ಆದರೆ ಆ ಫೀಸು ಡೆಪಾಸಿಟ್ ಅಲ್ಲ, ವಾಪಸ್ ಬರುವುದಿಲ್ಲ. ಮನೆಗೆ ಹಾನಿಯಾದರೆ ಅದರ ಖರ್ಚು ಬೇರೆಯಾಗಿ ನಿಮ್ಮ ತಲೆಗೇ ಬರುತ್ತದೆ.

ಮೂವತ್ತು ದಿನ

ಓನರ್ ಕೈಗೆ ಡೆಪಾಸಿಟ್ ಬಂದ ದಿನದಿಂದ 30 ದಿನದೊಳಗೆ ಎರಡು ಕೆಲಸ ಆಗಬೇಕು. ಒಂದು, ಅದನ್ನು ಸ್ಕೀಮಿಗೆ ಸೇರಿಸುವುದು. ಎರಡು, ಆ ವಿವರವನ್ನು ಬರಹದಲ್ಲಿ ನಿಮಗೆ ಕೊಡುವುದು. ಈ ಎರಡನೆಯದಕ್ಕೆ ಅಲ್ಲಿ "ಪ್ರಿಸ್ಕ್ರೈಬ್ಡ್ ಇನ್ಫರ್ಮೇಷನ್" ಅನ್ನುತ್ತಾರೆ. ಮನೆಯ ವಿಳಾಸ, ಡೆಪಾಸಿಟ್ ಎಷ್ಟು, ಯಾವ ಸ್ಕೀಮು, ಓನರ್ ಯಾರು, ಯಾವ ಕಾರಣಕ್ಕೆ ಮುರಿದುಕೊಳ್ಳಬಹುದು, ವಾಪಸ್ ಪಡೆಯುವುದು ಹೇಗೆ, ಜಗಳ ಬಂದರೆ ಏನು ಮಾಡುವುದು, ಇವೆಲ್ಲ ಅದರಲ್ಲಿರಬೇಕು.

ಒಂದು ಮಾಡಿ ಇನ್ನೊಂದು ಬಿಟ್ಟರೂ ಕಾನೂನು ಮುರಿದ ಹಾಗೆಯೇ. ಸ್ಕೀಮಿಗೆ ಹಾಕಿದ್ದಾರೆ, ಕಾಗದ ಮಾತ್ರ ಕೊಟ್ಟಿಲ್ಲ ಅಂದರೂ ತಪ್ಪೇ. "ಡೆಪಾಸಿಟ್ ತಗೊಂಡಿದ್ದು ಏಜೆಂಟ್, ನನಗೆ ಗೊತ್ತಿಲ್ಲ" ಎಂಬ ನೆಪವೂ ಓನರ್‌ಗೆ ನಡೆಯುವುದಿಲ್ಲ.

ನಮ್ಮವರಿಗೆ ಉಪಯೋಗಕ್ಕೆ ಬರುವ ಒಂದು ಸಣ್ಣ ಅಂಶ ಇಲ್ಲಿದೆ. ಡೆಪಾಸಿಟ್ ಹಣವನ್ನು ನಿಮ್ಮ ಪರವಾಗಿ ಅಪ್ಪನೋ ಅಣ್ಣನೋ ಕಟ್ಟಿದ್ದರೆ ಅವರಿಗೂ ಈ ವಿವರ ಕೊಡಬೇಕು ಅನ್ನುತ್ತದೆ ಕಾನೂನು. ಇದನ್ನು ಓನರ್‌ಗಳು ಸಾಮಾನ್ಯವಾಗಿ ಮರೆಯುತ್ತಾರೆ.

ನಿಜವಾಗಿ ಹಾಕಿದ್ದಾರಾ ಅಂತ ನೋಡುವುದು ಹೇಗೆ?

ಮೂರು ಸ್ಕೀಮುಗಳ ವೆಬ್‌ಸೈಟಿನಲ್ಲೂ ಹುಡುಕುವ ಜಾಗ ಇದೆ. ನಿಮ್ಮ ಸರ್‌ನೇಮ್, ಮನೆಯ ಪೋಸ್ಟ್‌ಕೋಡ್, ಸೇರಿದ ದಿನ, ಡೆಪಾಸಿಟ್ ಮೊತ್ತ, ಹೀಗೆ ಕೆಲವು ವಿವರ ಹಾಕಿದರೆ ಇದೆಯೋ ಇಲ್ಲವೋ ಹೇಳುತ್ತದೆ. ಮೂರರಲ್ಲೂ ಹುಡುಕಬೇಕು, ಯಾಕೆಂದರೆ ಒಬ್ಬರಲ್ಲಿರುವುದು ಇನ್ನೊಬ್ಬರಲ್ಲಿ ಕಾಣುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಅಂತ ಇರುವುದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅದು ಒಂದು ಥರ, ಅಗ್ರಿಮೆಂಟಿನಲ್ಲಿ ಇನ್ನೊಂದು ಥರ. ನಾನು ಮೊದಲ ಸಲ ಹುಡುಕಿದಾಗ "ಯಾವುದೂ ಸಿಗಲಿಲ್ಲ" ಅಂತ ಬಂದು ಎದೆ ಧಸಕ್ಕೆಂದಿತ್ತು. ಮೂರೂ ಕಡೆ ನೋಡಿದೆ, ಎಲ್ಲೂ ಇಲ್ಲ. ಆಮೇಲೆ ಹೊಳೆದು ಸರ್‌ನೇಮ್ ಜಾಗದಲ್ಲಿ ನನ್ನ ಸ್ವಂತ ಹೆಸರು ಹಾಕಿದೆ. ತಕ್ಷಣ ಬಂತು. ಏಜೆಂಟ್ ಹಿಂದುಮುಂದಾಗಿ ಟೈಪ್ ಮಾಡಿದ್ದರು. ಹಾಗಾಗಿ ಸಿಗಲಿಲ್ಲ ಅಂದ ಕೂಡಲೇ ಓನರ್ ಮೇಲೆ ಹರಿಹಾಯುವ ಮೊದಲು ಹೆಸರನ್ನು ಎರಡೂ ಬಗೆಯಲ್ಲಿ ಹಾಕಿ ನೋಡಿ. ಸಿಕ್ಕಿದ ಮೇಲೆ ಹೆಸರು ಸರಿ ಮಾಡಿಸಿ.

ಈ ಕೊಡೆಯ ಕೆಳಗೆ ಯಾರಿಲ್ಲ?

ಇದನ್ನು ಮನೆ ಹಿಡಿಯುವ ಮೊದಲೇ ಓದಿಕೊಳ್ಳಬೇಕು. ಎಲ್ಲ ಬಾಡಿಗೆಗೂ ಈ ಕಾನೂನು ಅನ್ವಯಿಸುವುದಿಲ್ಲ. ಖಾಸಗಿ ಓನರ್‌ನಿಂದ ಮನೆಯನ್ನೋ ರೂಮನ್ನೋ ಬಾಡಿಗೆಗೆ ಪಡೆದು, ಓನರ್ ಬೇರೆ ಕಡೆ ವಾಸವಿದ್ದರೆ ಸಾಮಾನ್ಯವಾಗಿ ನಿಮಗೆ ರಕ್ಷಣೆ ಇದೆ.

ಓನರ್ ಮನೆಯಲ್ಲೇ, ಅವರ ಜೊತೆಗೇ ಅಡುಗೆಮನೆ ಬಚ್ಚಲು ಹಂಚಿಕೊಂಡು ಒಂದು ರೂಮಿನಲ್ಲಿದ್ದರೆ ನೀವು "ಲಾಡ್ಜರ್". ಆಗ ಡೆಪಾಸಿಟ್ಟನ್ನು ಸ್ಕೀಮಿಗೆ ಹಾಕುವ ಹಂಗು ಅವರಿಗಿಲ್ಲ. ಯೂನಿವರ್ಸಿಟಿಯ ಹಾಸ್ಟೆಲಿಗೂ ಇದು ಅನ್ವಯಿಸುವುದಿಲ್ಲ.

ಹುಡುಗರು ಹೆಚ್ಚಾಗಿ ಸಿಕ್ಕಿಬೀಳುವುದು ಇನ್ನೊಂದು ಕಡೆ. ಮನೆ ಹಿಡಿದವರು ಯಾರೋ ಒಬ್ಬರು, ಅವರಿಗೆ ಬಾಡಿಗೆ ಭಾರ ಅಂತ ಒಂದು ರೂಮು ನಿಮಗೆ ಕೊಡುತ್ತಾರೆ, "ಅಗ್ರಿಮೆಂಟೆಲ್ಲ ಯಾಕೆ, ನಮ್ಮೂರ ಕಡೆಯವರೇ ಅಲ್ವಾ" ಅನ್ನುತ್ತಾರೆ, ಡೆಪಾಸಿಟ್ ಅವರ ಖಾತೆಗೆ ಹೋಗುತ್ತದೆ. ಅವರೂ ಅಲ್ಲೇ ವಾಸ ಇರುವುದರಿಂದ ನೀವು ಅವರ ಲಾಡ್ಜರ್ ಆದ ಹಾಗೆ. ಕಾನೂನಿನ ಈ ಕೊಡೆ ನಿಮ್ಮ ತಲೆ ಮೇಲಿಲ್ಲ. ಕೊಡಲೇಬಾರದು ಅಂತಲ್ಲ. ಕೊಟ್ಟಿದ್ದಕ್ಕೆ ಬರಹದಲ್ಲಿ ರಸೀದಿ ಇರಲಿ, ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ.

ನಾಲ್ಕೈದು ಜನ ಸೇರಿ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿದರೆ ಅದು ಜಾಯಿಂಟ್ ಟೆನೆನ್ಸಿ. ಇದರಲ್ಲಿ ರಕ್ಷಣೆ ಇದೆ, ತಲೆನೋವೂ ಇದೆ. ಡೆಪಾಸಿಟ್ ಎಲ್ಲರದ್ದೂ ಸೇರಿ ಒಂದೇ ಗಂಟು. ಒಬ್ಬ ಬಾಡಿಗೆ ಕೊಡದೆ ಹೋದರೆ ಅದನ್ನು ಆ ಗಂಟಿನಿಂದಲೇ ಮುರಿಯಬಹುದು, ನಿಮ್ಮ ಪಾಲೂ ಅದರಲ್ಲೇ ಕರಗುತ್ತದೆ. ಮಧ್ಯೆ ಒಬ್ಬ ಬಿಟ್ಟು ಹೋಗಿ ಹೊಸಬ ಬಂದಾಗ ಹೊಸಬನೇ ಹಳಬನ ಕೈಗೆ ಡೆಪಾಸಿಟ್ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳುವುದು ರೂಢಿ. ಸ್ಕೀಮಿನ ದಾಖಲೆಯಲ್ಲಿ ಮಾತ್ರ ಹಳಬನ ಹೆಸರೇ ಉಳಿದಿರುತ್ತದೆ. ಅದನ್ನು ಅವತ್ತೇ ಬದಲಿಸಿಕೊಳ್ಳದಿದ್ದರೆ ಕೊನೆಗೆ ಹಣ ಬಿಡುಗಡೆಗೆ ಒಪ್ಪಿಗೆ ಕೊಡಬೇಕಾದವನು ಇನ್ಯಾವುದೋ ದೇಶದಲ್ಲಿರುತ್ತಾನೆ.

ಸವೆದಿದ್ದು ಬೇರೆ, ಹಾಳಾಗಿದ್ದು ಬೇರೆ

ಡೆಪಾಸಿಟ್ ಜಗಳದ ಹೃದಯ ಇಲ್ಲಿದೆ. ಮನೆ ಅಂದಮೇಲೆ ಬಳಸುತ್ತೇವೆ, ಬಳಸಿದ್ದು ಸವೆಯುತ್ತದೆ. ಹೊಸ ಚಪ್ಪಲಿಯನ್ನು ಎರಡು ವರ್ಷ ಹಾಕಿದರೆ ಹಿಮ್ಮಡಿ ತೇಯುವುದು ಸಹಜ. ಅದೇ ಚಪ್ಪಲಿಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿದರೆ ಅದು ಹಾನಿ. ಸಹಜ ಸವೆತಕ್ಕೆ ಓನರ್ ಹಣ ಮುರಿದುಕೊಳ್ಳುವಂತಿಲ್ಲ, ಹಾನಿಗೆ ಮಾತ್ರ ಮುರಿಯಬಹುದು. ಇಂಗ್ಲಿಷಿನಲ್ಲಿ ಈ ಸವೆತವನ್ನು "ಫೇರ್ ವೇರ್ ಅಂಡ್ ಟೇರ್" ಅನ್ನುತ್ತಾರೆ. ಈ ಪದ ಬಾಯಲ್ಲಿರಲಿ, ಕೆಲಸಕ್ಕೆ ಬರುತ್ತದೆ.

ಓಡಾಡುವ ಜಾಗದಲ್ಲಿ ಕಾರ್ಪೆಟ್ ತೆಳ್ಳಗಾಗಿದೆ: ಸವೆತ. ಕಾರ್ಪೆಟ್ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ತ್ರಿಕೋನ ಸುಟ್ಟಿದೆ: ಹಾನಿ. ಬಿಸಿಲಿಗೆ ಪರದೆ ಬಣ್ಣ ಮಾಸಿದೆ: ಸವೆತ. ಎಷ್ಟು ಜನ, ಎಷ್ಟು ವರ್ಷ ವಾಸವಿದ್ದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಬ್ಬರು ಮಕ್ಕಳಿರುವ ಸಂಸಾರ ಮೂರು ವರ್ಷ ಇದ್ದ ಮನೆಯ ಗೋಡೆ, ಒಬ್ಬರೇ ಆರು ತಿಂಗಳು ಇದ್ದ ಮನೆಯ ಗೋಡೆಯ ಹಾಗಿರಲು ಸಾಧ್ಯವಿಲ್ಲ.

ಹಾನಿಯೇ ಆಗಿದ್ದರೂ ಪೂರ್ತಿ ಹೊಸದರ ಬೆಲೆ ಕೇಳುವಂತಿಲ್ಲ. ಹಳೆಯದಕ್ಕೆ ಹೊಸದು ಕೊಡಿಸುವ ಜವಾಬ್ದಾರಿ ನಿಮ್ಮದಲ್ಲ. ಸುಟ್ಟ ಕಾರ್ಪೆಟ್ಟನ್ನೇ ತೆಗೆದುಕೊಳ್ಳಿ. ಹೊಸದಕ್ಕೆ 400 ಪೌಂಡ್, ಅಂಥ ಕಾರ್ಪೆಟ್ ಎಂಟು ವರ್ಷ ಬಾಳುತ್ತದೆ, ನಿಮ್ಮ ಕೈಯಲ್ಲಿ ಸುಡುವ ಹೊತ್ತಿಗೆ ಆಗಲೇ ಆರು ವರ್ಷ ಆಗಿತ್ತು ಅಂದುಕೊಳ್ಳಿ. ಉಳಿದಿದ್ದು ಎರಡು ವರ್ಷದ ಬಾಳಿಕೆ, ಅಂದರೆ ನಾಲ್ಕನೇ ಒಂದು ಭಾಗ. ನಿಮ್ಮಿಂದ ಕೇಳಬಹುದಾದದ್ದು 100 ಪೌಂಡ್. ಓನರ್ 400ರ ಬಿಲ್ಲು ಕಳಿಸಿದರೆ ಈ ಲೆಕ್ಕವನ್ನು ತಿರುಗಿ ಕಳಿಸಿ.

ಇನ್ನು ಕ್ಲೀನಿಂಗ್. ಡೆಪಾಸಿಟ್ ಜಗಳಗಳಲ್ಲಿ ಅತಿ ಹೆಚ್ಚು ಬರುವುದು ಇದೇ. ನಿಯಮ ಸರಳವಾಗಿದೆ: ಸೇರಿದಾಗ ಎಷ್ಟು ಚೊಕ್ಕಟವಾಗಿತ್ತೋ ಅಷ್ಟೇ ಚೊಕ್ಕಟವಾಗಿ ಬಿಡಬೇಕು. ಕಂಪನಿಯವರನ್ನೇ ಕರೆಸಿ ಕ್ಲೀನ್ ಮಾಡಿಸಲೇಬೇಕು, ಅದಕ್ಕೆ ಇಷ್ಟು ಫೀಸು ಅಂತ ಅಗ್ರಿಮೆಂಟಿನಲ್ಲಿ ಹೇರುವಂತಿಲ್ಲ. ನೀವೇ ಉಜ್ಜಿದರೂ ಆಯಿತು, ಹೊಳೆದರೆ ಸಾಕು. ಓವನ್ ಒಳಗೆ, ಒಲೆ ಮೇಲಿನ ಹೊಗೆ ಎಳೆಯುವ ಫ್ಯಾನಿನ ಜಾಲರಿ, ಫ್ರಿಜ್ ಬಾಗಿಲಿನ ರಬ್ಬರ್ ಸಂದಿ. ಈ ಮೂರು ಜಾಗ ಬಿಟ್ಟುಹೋಗುತ್ತವೆ, ನೋಡಲು ಬಂದವರು ಮೊದಲು ಬೆರಳಿಡುವುದೂ ಅಲ್ಲೇ.

ನನ್ನದೇ ಕಥೆ. ಮೊದಲ ಮನೆ ಬಿಟ್ಟ ಹತ್ತು ದಿನಕ್ಕೆ ಏಜೆಂಟರಿಂದ ಈಮೇಲ್ ಬಂತು. ಮಂಚದ ಹಿಂದಿನ ಗೋಡೆಯ ಗೀರಿಗೆ ಬಣ್ಣ, 85 ಪೌಂಡ್. ಓವನ್ ಕ್ಲೀನಿಂಗ್, 60. ಕೆಟಲ್ ಒಳಗೆ ನೀರಿನ ಸುಣ್ಣ ಕಟ್ಟಿದ್ದಕ್ಕೆ, 15. ಒಟ್ಟು 160. ಮೊದಲು ಕೊಟ್ಟುಬಿಡೋಣ ಅನ್ನಿಸಿತು, ಯಾಕೆಂದರೆ ಈಮೇಲಿನ ಭಾಷೆ ಹಾಗಿತ್ತು, ತೀರ್ಪು ಬರೆದ ಹಾಗೆ. ಆಮೇಲೆ ಸೇರಿದ ದಿನ ಅವರೇ ಕೊಟ್ಟ ಇನ್ವೆಂಟರಿ ತೆಗೆದು ನೋಡಿದೆ. ಒಂಬತ್ತನೇ ಪುಟದಲ್ಲಿ ಅದೇ ಗೋಡೆ, ಅದೇ ಗೀರು, ಅವರದ್ದೇ ಫೋಟೋ.

ಇನ್ವೆಂಟರಿ ಅಂದರೆ ಮನೆಯ ಜಾತಕ. ಯಾವ ರೂಮಿನಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿದೆ ಅಂತ ಸೇರುವಾಗ ಬರೆದಿಡುವ ಪಟ್ಟಿ. ನೋಡಿ ಸಹಿ ಹಾಕಲು ಸಾಮಾನ್ಯವಾಗಿ ಕೆಲವು ದಿನ ಕೊಡುತ್ತಾರೆ. ಆ ದಿನಗಳಲ್ಲಿ ಎಲ್ಲರೂ ಮಾಡುವುದು ಕಣ್ಣು ಮುಚ್ಚಿ ಸಹಿ ಹಾಕುವುದು. ಹಾಗೆ ಮಾಡದೆ ಪಟ್ಟಿ ಹಿಡಿದುಕೊಂಡು ಮನೆ ಸುತ್ತಿ, ಅದರಲ್ಲಿ ಇಲ್ಲದ ಕಲೆ, ಬಿರುಕು, ಬೂಷ್ಟುಗಳ ಫೋಟೋ ತೆಗೆದು ಅವತ್ತೇ ಈಮೇಲ್ ಮಾಡಿ. ಫೋನಿನಲ್ಲೇ ಇಟ್ಟುಕೊಂಡರೆ ಸಾಲದು. ಈಮೇಲ್ ಮಾಡಿದರೆ ತಾರೀಖು ತಾನಾಗಿ ದಾಖಲಾಗುತ್ತದೆ.

ಜಗಳ ಬಿಡಿಸುವವರು

ಮನೆ ಬಿಟ್ಟ ಮೇಲೆ ಮೊದಲು ಮಾಡಬೇಕಾದ್ದು ಡೆಪಾಸಿಟ್ ವಾಪಸ್ ಕೊಡಿ ಅಂತ ಬರಹದಲ್ಲಿ ಕೇಳುವುದು. ಎಷ್ಟು ವಾಪಸ್ ಅಂತ ಇಬ್ಬರೂ ಒಪ್ಪಿದ ಮೇಲೆ ಹತ್ತು ದಿನದೊಳಗೆ ಹಣ ಬರಬೇಕು. ಒಪ್ಪಿಗೆ ಆಗದಿದ್ದರೆ ಒಪ್ಪಿದಷ್ಟು ತೆಗೆದುಕೊಂಡು, ಉಳಿದದ್ದಕ್ಕೆ ಮಾತ್ರ ಸ್ಕೀಮಿನ ಜಗಳ ಬಿಡಿಸುವ ವಿಭಾಗಕ್ಕೆ ಹೋಗಬಹುದು. ಇದು ಇಬ್ಬರಿಗೂ ಉಚಿತ. ವಕೀಲರು ಬೇಡ.

ಅಲ್ಲಿ ಕೂತಿರುವವರನ್ನು ಅಡ್ಜುಡಿಕೇಟರ್ ಅನ್ನುತ್ತಾರೆ. ಇವರು ಮನೆ ನೋಡಲು ಬರುವುದಿಲ್ಲ, ನಿಮ್ಮನ್ನು ಕರೆಸಿ ವಿಚಾರಿಸುವುದೂ ಇಲ್ಲ. ಎರಡೂ ಕಡೆಯ ಕಾಗದ, ಫೋಟೋ, ಬಿಲ್ಲು ನೋಡಿ ತೀರ್ಮಾನ ಬರೆಯುತ್ತಾರೆ. ಹೇಳಿದೆನಲ್ಲ, ಸಾಬೀತು ಮಾಡುವ ಭಾರ ಓನರ್ ಮೇಲೆ. ಸೇರುವಾಗಿನ ಇನ್ವೆಂಟರಿಯೇ ಇಲ್ಲ ಅಂದರೆ "ಮೊದಲು ಚೆನ್ನಾಗಿತ್ತು" ಅನ್ನುವುದಕ್ಕೆ ಅವರ ಹತ್ತಿರ ಆಧಾರವೇ ಕಡಿಮೆ. ಆದರೆ ಈ ದಾರಿಗೆ ಇಬ್ಬರೂ ಒಪ್ಪಬೇಕು, ಒಪ್ಪಿದ ಮೇಲೆ ಬಂದ ತೀರ್ಮಾನವೇ ಕೊನೆ. ಒಬ್ಬರು ಒಪ್ಪದಿದ್ದರೆ ಉಳಿಯುವುದು ಕೋರ್ಟು. ಓನರ್ ಉತ್ತರವನ್ನೇ ಕೊಡದೆ ಮಾಯವಾದರೆ? ಕಸ್ಟೋಡಿಯಲ್ ಸ್ಕೀಮುಗಳಲ್ಲಿ ಅದಕ್ಕೂ ದಾರಿ ಇದೆ. ನಡೆದದ್ದನ್ನು ಪ್ರಮಾಣ ಮಾಡಿ ಅಫಿಡವಿಟ್ಟಿನ ಹಾಗೆ ಬರೆದುಕೊಟ್ಟರೆ ಸ್ಕೀಮಿನವರು ಓನರ್‌ಗೆ ನೋಟಿಸು ಕಳಿಸುತ್ತಾರೆ. ಗಡುವಿನೊಳಗೆ ಉತ್ತರ ಬರದಿದ್ದರೆ ಹಣ ನಿಮಗೆ. ಏನೇ ಇರಲಿ, ಮನೆ ಬಿಟ್ಟು ಮೂರು ತಿಂಗಳು ದಾಟುವ ಮೊದಲೇ ಸ್ಕೀಮಿಗೆ ದೂರು ಹೋಗಿರಲಿ.

ನನ್ನ 160 ಪೌಂಡ್ ಅಲ್ಲಿವರೆಗೆ ಹೋಗಲೇ ಇಲ್ಲ. ಒಂಬತ್ತನೇ ಪುಟದ ಚಿತ್ರ ಹಾಕಿ, ಗೀರಿಗೂ ಕೆಟಲಿಗೂ ಒಪ್ಪುವುದಿಲ್ಲ, ಬೇಕಿದ್ದರೆ ಸ್ಕೀಮಿಗೆ ಹೋಗೋಣ ಅಂತ ನಾಲ್ಕು ಸಾಲು ಬರೆದೆ. ಎರಡೂ ಬಿಟ್ಟರು. ಓವನ್ನಿನ 60 ಪೌಂಡ್ ಕೊಟ್ಟೆ. ಓವನ್ ನಿಜವಾಗಿಯೂ ಗಲೀಜಾಗಿತ್ತು.

ಸ್ಕೀಮಿಗೆ ಹಾಕಲೇ ಇಲ್ಲ ಅಂದರೆ

ಇಲ್ಲಿ ಕಾನೂನಿಗೆ ಹಲ್ಲಿದೆ. 30 ದಿನದೊಳಗೆ ಹಾಕದಿದ್ದರೆ, ತಡವಾಗಿ ಹಾಕಿದ್ದರೆ, ಅಥವಾ ವಿವರದ ಕಾಗದ ಕೊಡದಿದ್ದರೆ ನೀವು ಕೌಂಟಿ ಕೋರ್ಟ್‌ಗೆ ಹೋಗಬಹುದು. ತಪ್ಪು ನಿಜ ಅಂತಾದರೆ ಕೋರ್ಟು ಓನರ್‌ಗೆ ದಂಡ ಹಾಕಲೇಬೇಕು. ಕನಿಷ್ಠ ಡೆಪಾಸಿಟ್‌ನಷ್ಟು, ಗರಿಷ್ಠ ಅದರ ಮೂರು ಪಟ್ಟು. 1,200 ಪೌಂಡ್ ಡೆಪಾಸಿಟ್ ಆದರೆ ದಂಡ 1,200ರಿಂದ 3,600ರವರೆಗೆ. ಈ ದಂಡ ಸರ್ಕಾರಕ್ಕೆ ಹೋಗುವುದಿಲ್ಲ, ನಿಮಗೆ ಬರುತ್ತದೆ. ಮರೆವಿನಿಂದ ಒಂದು ವಾರ ತಡ ಮಾಡಿದವರಿಗೂ ಬೇಕಂತಲೇ ಹಾಕದವರಿಗೂ ಒಂದೇ ದಂಡ ಇರುವುದಿಲ್ಲ, ತಪ್ಪಿನ ತೂಕ ನೋಡಿ ಕೋರ್ಟು ನಿರ್ಧರಿಸುತ್ತದೆ. ಕೇಸು ಹಾಕಲು ಆರು ವರ್ಷದವರೆಗೆ ಕಾಲಾವಕಾಶ ಇದೆ, ಅಂದರೆ ಮನೆ ಬಿಟ್ಟ ಮೇಲೂ ಹಾಕಬಹುದು.

ಕೋರ್ಟ್‌ಗೆ ಹೋಗುವ ಮೊದಲು ಒಂದು ಪತ್ರ ಬರೆದು ಕೇಳುವುದು ಕ್ರಮ. ಬಹಳ ಕೇಸುಗಳು ಆ ಪತ್ರದಲ್ಲೇ ಮುಗಿಯುತ್ತವೆ. ಪತ್ರ ಬರೆಯಲು ಗೊತ್ತಾಗದಿದ್ದರೆ ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆಗಳು ಉಚಿತವಾಗಿ ಸಲಹೆ ಕೊಡುತ್ತವೆ. ಯೂನಿವರ್ಸಿಟಿಯ ಸ್ಟೂಡೆಂಟ್ ಯೂನಿಯನ್‌ನಲ್ಲೂ ಕೇಳಿ ನೋಡಿ.

ಸ್ಕಾಟ್ಲೆಂಡಿನಲ್ಲಿದ್ದರೆ ನಿಯಮ ಬೇರೆ. ಅಲ್ಲಿನ ಗಡುವು 30 ಕೆಲಸದ ದಿನ, ಡೆಪಾಸಿಟ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ದೂರು ಹೋಗುವುದು ಕೋರ್ಟಿಗಲ್ಲ, ಟ್ರಿಬ್ಯೂನಲ್‌ಗೆ. ಆದರೆ ಆ ದೂರನ್ನು ಬಾಡಿಗೆ ಮುಗಿದ ಮೂರು ತಿಂಗಳೊಳಗೆ ಕೊಡಬೇಕು, ಆರು ವರ್ಷದ ಆರಾಮ ಅಲ್ಲಿಲ್ಲ.

ಹೊಸ ಕಾಯ್ದೆ ಏನು ಬದಲಿಸಿದೆ?

ಇಂಗ್ಲೆಂಡಿನಲ್ಲಿ ಸೆಕ್ಷನ್ 21 ಅಂತ ಒಂದು ನೋಟಿಸ್ ಇತ್ತು. ಕಾರಣವನ್ನೇ ಹೇಳದೆ ಎರಡು ತಿಂಗಳ ಸಮಯ ಕೊಟ್ಟು ಮನೆ ಬಿಡಿ ಅನ್ನಲು ಅದನ್ನು ಬಳಸುತ್ತಿದ್ದರು. ಡೆಪಾಸಿಟ್ ಸರಿಯಾಗಿ ಇಡದ ಓನರ್ ಆ ನೋಟಿಸ್ ಕೊಡುವಂತಿರಲಿಲ್ಲ. ಹಾಗಾಗಿ ಡೆಪಾಸಿಟ್ ನಿಯಮವೇ ಬಾಡಿಗೆದಾರರಿಗೆ ಒಂದು ಗುರಾಣಿ ಆಗಿತ್ತು. 2026ರ ಮೇ 1ರಿಂದ ಸೆಕ್ಷನ್ 21 ಇಲ್ಲ. ಮನೆ ಬಿಡಿಸಬೇಕಾದರೆ ಕಾನೂನಿನಲ್ಲಿ ಹೇಳಿದ ಕಾರಣ ಬೇಕು, ಕೋರ್ಟಿನ ಆದೇಶ ಬೇಕು.

ಗುರಾಣಿ ಹೋಗಲಿಲ್ಲ, ಜಾಗ ಬದಲಿಸಿತು. ಡೆಪಾಸಿಟ್ ಸ್ಕೀಮಿನಲ್ಲಿ ಇಲ್ಲದಿದ್ದರೆ ಕೋರ್ಟು ಮನೆ ಬಿಡಿಸುವ ಆದೇಶ ಕೊಡುವುದಿಲ್ಲ. ಅಕ್ಕಪಕ್ಕದವರಿಗೆ ತೀರಾ ತೊಂದರೆ ಕೊಡುವಂಥ ಕೇಸುಗಳು ಮಾತ್ರ ಇದಕ್ಕೆ ಹೊರತು. ಓನರ್ ತಡವಾಗಿಯಾದರೂ ಸರಿಪಡಿಸಿಕೊಂಡರೆ ಆ ಅಡ್ಡಿ ಹೋಗುತ್ತದೆ, ಆದರೆ ತಡ ಮಾಡಿದ್ದಕ್ಕೆ ದಂಡ ಕೇಳುವ ನಿಮ್ಮ ಹಕ್ಕು ಹಾಗೇ ಉಳಿಯುತ್ತದೆ.

ಹೊರದೇಶದಿಂದ ಬಂದವರಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಮುಂಗಡ ಬಾಡಿಗೆಯದ್ದು. "ಇಲ್ಲಿ ನಿಮಗೆ ಗ್ಯಾರಂಟಿ ಕೊಡುವವರಿಲ್ಲ, ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟಿ" ಅಂತ ಕೇಳುವ ರೂಢಿ ಇತ್ತಲ್ಲ, ಹೊಸ ಕಾಯ್ದೆಯಲ್ಲಿ ಅದು ನಡೆಯುವುದಿಲ್ಲ. ಅಗ್ರಿಮೆಂಟಿಗೆ ಸಹಿ ಆಗುವ ಮೊದಲು ಬಾಡಿಗೆಯನ್ನೇ ಕೇಳುವಂತಿಲ್ಲ. ಸಹಿ ಆದ ಮೇಲೂ ಮನೆ ಸೇರುವ ಮೊದಲು ಕೇಳಬಹುದಾದದ್ದು ಒಂದು ತಿಂಗಳದ್ದು ಮಾತ್ರ. ವಿದ್ಯಾರ್ಥಿಗಳಿಗೆಂದೇ ಕಟ್ಟಿದ ದೊಡ್ಡ ಕಟ್ಟಡಗಳು ಬಹುಮಟ್ಟಿಗೆ ಈ ನಿಯಮದ ಹೊರಗಿವೆ, ಅಲ್ಲಿ ರೂಮು ಹಿಡಿಯುವವರು ಅವರ ಒಪ್ಪಂದವನ್ನೇ ಓದಬೇಕು.

ಕೊನೆಗೆ, ವಿದ್ಯಾರ್ಥಿಗಳಿಗೆ ಒಂದು ಮಾತು. ಸ್ಕೀಮಿನಲ್ಲಿ ನಿಮ್ಮ ಯೂನಿವರ್ಸಿಟಿ ಈಮೇಲ್ ಕೊಟ್ಟಿದ್ದರೆ ಇವತ್ತೇ ಸ್ವಂತ ಈಮೇಲಿಗೆ ಬದಲಿಸಿ. ಕೋರ್ಸ್ ಮುಗಿದ ಮೇಲೆ ಆ ಈಮೇಲ್ ಮುಚ್ಚಿಹೋಗಬಹುದು, ಡೆಪಾಸಿಟ್ ವಾಪಸಿನ ಪತ್ರವ್ಯವಹಾರ ಶುರುವಾಗುವುದೂ ಆಗಲೇ. ಹಣ ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನೂ ಮುಚ್ಚಬೇಡಿ.